ಮನೆ ಕಟ್ಟುವ ರೈತನಿಗೆ ವಾಸ್ತುಶಿಲ್ಪಿ ಬೇಕೇ?

ಅಡಿಕೆಯ ಕೊನೆಯ ಕೊಯ್ಲು ಮುಗಿದು ಕೈಗೆ ಹಣ ಬರುವ ಬೇಸಿಗೆಯ ತಿಂಗಳುಗಳೇ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಹೋಬಳಿಯಲ್ಲಿ ಮನೆ ಕಟ್ಟುವ ಕಾಲ. ಹಳೆಯ ಹೆಂಚಿನ ಮನೆಯನ್ನು ಇಳಿಸಿ ತಾರಸಿ ಮನೆ ಕಟ್ಟುವವರು ಕೆಲವರು. ಊರೊಳಗಿನ ಇಕ್ಕಟ್ಟನ್ನು ಬಿಟ್ಟು ತೋಟದ ಅಂಚಿಗೆ ಹೋಗುವವರು ಕೆಲವರು. ಇವರೆಲ್ಲರಿಗೂ ಆರಂಭದಲ್ಲಿಯೇ ಎದುರಾಗುವ ಪ್ರಶ್ನೆಯೆಂದರೆ, ಮೇಸ್ತ್ರಿಯನ್ನು ನಂಬಿ ಕೆಲಸ ಹಿಡಿಯಬೇಕೋ ಅಥವಾ ಹಣ ಕೊಟ್ಟು ವಾಸ್ತುಶಿಲ್ಪಿಯಿಂದ ನಕ್ಷೆ ಮಾಡಿಸಬೇಕೋ ಎಂಬುದು. "ನಕ್ಷೆಗೆ ಕೊಡುವ ದುಡ್ಡಿನಲ್ಲಿ ಒಂದು ಲೋಡು ಇಟ್ಟಿಗೆ ಬರುತ್ತದೆ" ಎಂಬ ಮಾತು ಕಟ್ಟೆಯ ಮೇಲೆ ಕೇಳಿಬರುತ್ತದೆ. "ತಿಳಿದವರನ್ನು ಕೇಳದೆ ಕಟ್ಟಿದರೆ ಗೋಡೆ ಬಿರಿಯುತ್ತದೆ" ಎಂಬ ಮಾತೂ ಅಷ್ಟೇ ಕೇಳಿಬರುತ್ತದೆ. ಎರಡರಲ್ಲಿಯೂ ಸತ್ಯಾಂಶವಿದೆ. ಯಾವ ಮಾತು ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ನಿವೇಶನದ ಮಣ್ಣು, ಮನೆಯ ಮೇಲೆ ಬೀಳುವ ಭಾರ ಮತ್ತು ಆ ಮನೆಯಲ್ಲಿ ನಡೆಯುವ ಕೆಲಸ, ಈ ಮೂರನ್ನು ನೋಡಿ ತೀರ್ಮಾನಿಸಬೇಕು.

ಬೆಳೆ ಕೆಟ್ಟರೆ ಮರುವರ್ಷ ತಿದ್ದಿಕೊಳ್ಳಲು ಅವಕಾಶವುಂಟು. ಮನೆಯ ವಿಷಯದಲ್ಲಿ ಆ ಅವಕಾಶವಿಲ್ಲ. ಸಾಮಾನ್ಯ ರೈತ ಕುಟುಂಬವು ಒಂದು ತಲೆಮಾರಿಗೆ ಒಂದೇ ಮನೆ ಕಟ್ಟುತ್ತದೆ. ಹತ್ತಾರು ವರ್ಷದ ಅಡಿಕೆಯ ಉಳಿತಾಯ ಹಾಗೂ ಅದರ ಮೇಲೆ ಮಾಡಿದ ಸಾಲ ಒಮ್ಮೆಗೇ ಗೋಡೆಗೆ ಸೇರುತ್ತವೆ. ಆದ್ದರಿಂದ ಈ ತೀರ್ಮಾನವನ್ನು ನೆರೆಮನೆಯನ್ನು ನೋಡಿ ಮಾಡದೆ ಲೆಕ್ಕ ಹಾಕಿ ಮಾಡುವುದು ಒಳ್ಳೆಯದು.

ಯಾರು ಯಾವ ಕೆಲಸದವರು?

ಮೊದಲಿಗೆ ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಆಯ, ದಿಕ್ಕು, ಬಾಗಿಲಿನ ಸ್ಥಾನಗಳನ್ನು ಹೇಳುವವರನ್ನು ಜನರು "ವಾಸ್ತು ಹೇಳುವವರು" ಎನ್ನುತ್ತಾರೆ. ವಾಸ್ತುಶಿಲ್ಪಿ, ಅಂದರೆ ಆರ್ಕಿಟೆಕ್ಟ್, ಅವರಿಂದ ಬೇರೆ. ಐದು ವರ್ಷದ ಪದವಿ ಪಡೆದು, 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ಹೆಸರನ್ನು ಬಳಸಬಹುದು. ಕೋಣೆಗಳ ಜೋಡಣೆ, ಗಾಳಿ ಬೆಳಕು, ಮೆಟ್ಟಿಲು, ನೀರು ಹರಿಯುವ ದಾರಿ, ಮುಂದೆ ಮನೆ ಬೆಳೆಯುವ ಬಗೆ, ಇವೆಲ್ಲವನ್ನೂ ಒಟ್ಟಿಗೆ ಯೋಚಿಸಿ ನಕ್ಷೆ ಮಾಡುವುದು ಅವರ ಕೆಲಸ.

ಸಿವಿಲ್ ಇಂಜಿನಿಯರ್ ಮನೆಯ ಬಲವನ್ನು ನೋಡುವವರು. ತಳಪಾಯ ಎಷ್ಟು ಆಳವಿರಬೇಕು, ಕಂಬ ಮತ್ತು ತೊಲೆಗಳಿಗೆ ಎಷ್ಟು ಸರಳು ಹಾಕಬೇಕು, ಮೋಲ್ಡಿನ ದಪ್ಪ ಎಷ್ಟು ಎಂಬ ಲೆಕ್ಕ ಅವರದು. ಮೇಸ್ತ್ರಿ ಅದನ್ನು ಕೈಯಿಂದ ಮಾಡಿ ನಿಲ್ಲಿಸುವವನು. ಒಳ್ಳೆಯ ಮೇಸ್ತ್ರಿಯ ಅನುಭವಕ್ಕೆ ಬೆಲೆ ಕಟ್ಟಲಾಗದು. ಆದರೆ ಅವನು ಹಿಂದೆ ಕಟ್ಟಿದಂಥ ಮನೆ, ಹಿಂದೆ ಕಟ್ಟಿದಂಥ ಮಣ್ಣು, ಇವುಗಳ ಮಟ್ಟಿಗೆ ಆ ಅನುಭವ ನಡೆಯುತ್ತದೆ. ಮಣ್ಣು ಬದಲಾದಲ್ಲಿ ಅಥವಾ ಮಹಡಿ ಏರಿದಲ್ಲಿ ಅದಕ್ಕೆ ಲೆಕ್ಕದ ನೆರವು ಬೇಕಾಗುತ್ತದೆ.

ಪೇಟೆಯಲ್ಲಿ ಪಂಚಾಯಿತಿ ಪರವಾನಗಿಗೆಂದು ಅಥವಾ ಬ್ಯಾಂಕಿನ ಸಾಲಕ್ಕೆಂದು ಗಂಟೆಯೊಳಗೆ ಪ್ಲಾನ್ ಬರೆದುಕೊಡುವವರಿದ್ದಾರೆ. ಆ ಕಾಗದವು ಕಚೇರಿಯ ಕಡತಕ್ಕೆ ಸಾಲುತ್ತದೆ. ನಿವೇಶನವನ್ನು ಕಣ್ಣಿಂದ ನೋಡದೆ ಬರೆದ ನಕ್ಷೆಯನ್ನು ಮನೆಯ ವಿನ್ಯಾಸವೆಂದು ತಿಳಿಯಬಾರದು.

ಮೊದಲು ಮಣ್ಣನ್ನು ಕೇಳಬೇಕು

ತೋಟ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವ ರೈತರು ಮನೆ ಕಟ್ಟುವಾಗ ಅದೇ ಮಣ್ಣನ್ನು ಮರೆತುಬಿಡುತ್ತಾರೆ. ಚನ್ನಗಿರಿ ತಾಲ್ಲೂಕಿನಲ್ಲಿ ಕೆಂಪು ಮಣ್ಣೂ ಇದೆ, ಎರೆ ಮಣ್ಣೂ ಇದೆ. ಕೆಲವೆಡೆ ಒಂದೇ ಸರ್ವೆ ನಂಬರಿನಲ್ಲಿ ಎರಡೂ ಸಿಗುತ್ತವೆ. ಬೆಳೆಗೆ ಎರೆ ಮಣ್ಣು ಒಳ್ಳೆಯದು, ಏಕೆಂದರೆ ಅದು ನೀರನ್ನು ಹಿಡಿದಿಡುತ್ತದೆ. ಮನೆಗೆ ಅದೇ ಗುಣ ತೊಂದರೆ ಕೊಡುತ್ತದೆ. ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜಿಗುಟು ಖನಿಜವು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬಿಡುವುದು ಇದೇ ಕಾರಣದಿಂದ. ತಳಪಾಯವು ಈ ಬಿರುಕು ಬಿಡುವ ಪದರದಲ್ಲಿಯೇ ಕುಳಿತಿದ್ದರೆ ಪ್ರತಿ ಮಳೆಗಾಲಕ್ಕೆ ಮೇಲೇಳುತ್ತದೆ, ಪ್ರತಿ ಬೇಸಿಗೆಗೆ ಕೆಳಗಿಳಿಯುತ್ತದೆ. ಮನೆಯ ಎಲ್ಲ ಭಾಗವೂ ಒಂದೇ ಸಮನಾಗಿ ಏರಿಳಿಯುವುದಿಲ್ಲವಾದ್ದರಿಂದ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಅದನ್ನು ಎಷ್ಟು ಸಲ ಸಿಮೆಂಟಿನಿಂದ ಮುಚ್ಚಿದರೂ ಮರುವರ್ಷ ಮತ್ತೆ ಕಾಣಿಸಿಕೊಳ್ಳುತ್ತದೆ.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ನಾಲೆಯಲ್ಲಿ ನೀರು ಬಿಟ್ಟಾಗ ಗದ್ದೆ ತೋಟಗಳ ಅಂಚಿನ ನೆಲ ತೇವವಾಗುತ್ತದೆ. ನೀರು ನಿಂತಾಗ ಒಣಗುತ್ತದೆ. ಮಳೆ ಮತ್ತು ಬೇಸಿಗೆಯ ಜೊತೆಗೆ ನಾಲೆಯ ಸರದಿಯೂ ಸೇರಿ ಮಣ್ಣಿನ ಉಬ್ಬು ತಗ್ಗುಗಳನ್ನು ಹೆಚ್ಚಿಸುತ್ತದೆ. ಗೋಡೆಗೆ ತಾಗಿಯೇ ಬಾಳೆ ಹಾಕಿ ದಿನವೂ ನೀರು ಹಾಯಿಸುವುದು ಹಾಗೂ ಗೋಡೆಯ ಬಳಿ ದೊಡ್ಡ ಮರ ಬೆಳೆಸುವುದು, ಇವೆರಡೂ ಎರೆ ಭೂಮಿಯಲ್ಲಿ ತಳಪಾಯಕ್ಕೆ ಹಾನಿಕರ. ಮೊದಲನೆಯದು ಒಂದು ಬದಿಯನ್ನು ಉಬ್ಬಿಸುತ್ತದೆ. ಎರಡನೆಯದು ಬೇರಿನ ಮೂಲಕ ತೇವವನ್ನು ಹೀರಿ ಆ ಬದಿಯನ್ನು ಕುಗ್ಗಿಸುತ್ತದೆ.

ಆದ್ದರಿಂದ ಯಾರನ್ನು ಕರೆಯಬೇಕೆಂದು ಯೋಚಿಸುವ ಮೊದಲು ನಿವೇಶನದಲ್ಲಿ ಮೂರು ಕಡೆ ಗುಂಡಿ ತೋಡಿಸಬೇಕು. ಎದುರುಬದುರಿನ ಎರಡು ಮೂಲೆಗಳಲ್ಲಿ ಹಾಗೂ ಮಧ್ಯದಲ್ಲಿ ತೋಡಿಸಿದರೆ ಸಾಕು. ಕಪ್ಪು ಪದರ ಎಷ್ಟು ಅಡಿಗೆ ಮುಗಿಯಿತು, ಗರಸು ಎಷ್ಟು ಅಡಿಗೆ ಸಿಕ್ಕಿತು, ನೀರು ಒಸರಿತೇ, ಮೂರೂ ಗುಂಡಿಗಳಲ್ಲಿ ಒಂದೇ ಬಗೆಯಿದೆಯೇ ಎಂಬುದನ್ನು ಅಳೆದು ಬರೆದಿಡಬೇಕು. ಒಂದು ದಿನದ ಆಳಿನ ಕೂಲಿಯಲ್ಲಿ ಮುಗಿಯುವ ಈ ಕೆಲಸ ಮುಂದಿನ ಅರ್ಧ ತೀರ್ಮಾನವನ್ನು ತಾನೇ ಮಾಡಿಕೊಡುತ್ತದೆ.

ಮೂರು ಅಡಿಯೊಳಗೆ ಗಟ್ಟಿ ಗರಸು ಸಿಕ್ಕಿದಲ್ಲಿ ಕಪ್ಪು ಮಣ್ಣನ್ನು ಪೂರ್ತಿ ತೆಗೆದು ಗರಸಿನ ಮೇಲೆ ಸಾಮಾನ್ಯ ಕಲ್ಲಿನ ತಳಪಾಯ ಹಾಕಬಹುದು. ಕಪ್ಪು ಪದರ ಐದಾರು ಅಡಿ ಇದ್ದಲ್ಲಿ ಪಾಯವನ್ನು ಆಳಕ್ಕೆ ಒಯ್ದು, ಅದರ ಅಡಿಗೂ ಅಕ್ಕಪಕ್ಕಕ್ಕೂ ಉಬ್ಬದಂಥ ಮರಳು ಅಥವಾ ಗರಸನ್ನು ತುಂಬಿ, ಪ್ಲಿಂತ್ ಮತ್ತು ಲಿಂಟಲ್ ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟು ಪಟ್ಟಿ ಕಟ್ಟಬೇಕಾಗುತ್ತದೆ. ಕಪ್ಪು ಮಣ್ಣು ಇನ್ನೂ ಆಳವಾಗಿದ್ದಲ್ಲಿ ತಳದಲ್ಲಿ ಗಂಟಿನಂತೆ ಅಗಲಗೊಳಿಸಿದ ಕಾಂಕ್ರೀಟು ಕಂಬಗಳನ್ನು ನೆಲದೊಳಗೆ ಇಳಿಸುವ ವಿಧಾನವಿದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯು ನಮ್ಮ ದೇಶದ ಕಪ್ಪು ಮಣ್ಣಿಗೆ ಇದನ್ನು ಹೊಂದಿಸಿಕೊಟ್ಟಿದೆ. ಭಾರತೀಯ ಮಾನಕದ ಪ್ರಕಾರ ಆಳವಾದ ಎರೆ ಮಣ್ಣಿನಲ್ಲಿ ಈ ಕಂಬಗಳು ಕನಿಷ್ಠ 3.5 ಮೀಟರ್ ಇಳಿಯಬೇಕು. ಕಂಬಗಳ ಮೇಲಿನ ತೊಲೆಯ ಕೆಳಗೆ ಮಣ್ಣು ಉಬ್ಬಲು ಜಾಗ ಬಿಡಬೇಕು. ಕೊನೆಯ ಎರಡು ಸಂದರ್ಭಗಳಲ್ಲಿ ಇಂಜಿನಿಯರ್ ಇಲ್ಲದೆ ಕೆಲಸ ಹಿಡಿಯುವುದು ಸರಿಯಲ್ಲ. ಎಲ್ಲ ಸಂದರ್ಭದಲ್ಲಿಯೂ ಮನೆಯ ಸುತ್ತ ಮೂರರಿಂದ ನಾಲ್ಕು ಅಡಿ ಅಗಲಕ್ಕೆ ಹೊರಮುಖವಾಗಿ ಇಳಿಜಾರಿರುವ ಗಚ್ಚನ್ನು ಹಾಕಿ ಮಳೆನೀರು ಪಾಯಕ್ಕೆ ಇಳಿಯದಂತೆ ಮಾಡಬೇಕು.

ರೈತನ ಮನೆಯ ಭಾರ ಬೇರೆ

ಪೇಟೆಯ ಮನೆಯ ನಕ್ಷೆಯನ್ನು ತಂದು ಹಳ್ಳಿಯಲ್ಲಿ ಕಟ್ಟುವುದರಿಂದ ಆಗುವ ತೊಂದರೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ವಾಸದ ಕೋಣೆಯ ಮೋಲ್ಡನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಜನ, ಮಂಚ, ಬೀರುಗಳಿಗೆ ಇದು ಸಾಕು. ಮಹಡಿಯ ಮೇಲಿನ 10 ಅಡಿಗೆ 12 ಅಡಿಯ ಕೋಣೆಯಲ್ಲಿ, ಒಳ್ಳೆಯ ಧಾರಣೆ ಬರಲೆಂದು 50 ಕಿಲೋ ತೂಕದ 100 ಚೀಲ ಮೆಕ್ಕೆಜೋಳವನ್ನು ಒಟ್ಟಿದರೆ ಭಾರ 5,000 ಕಿಲೋ ಆಗುತ್ತದೆ. ಕೋಣೆಯ ವಿಸ್ತೀರ್ಣ ಸುಮಾರು 11 ಚದರ ಮೀಟರ್; ಅಂದರೆ ಚದರ ಮೀಟರಿಗೆ ಸುಮಾರು 450 ಕಿಲೋ. ವಿನ್ಯಾಸ ಮಾಡಿದ ಭಾರದ ಎರಡರಷ್ಟಕ್ಕೂ ಇದು ಹೆಚ್ಚು. ಮೋಲ್ಡು ಅಂದೇ ಬೀಳಲಾರದು, ಆದರೆ ಬಾಗುತ್ತದೆ, ಬಿರಿಯುತ್ತದೆ. ಮಳೆನೀರು ಆ ಬಿರುಕಿನಿಂದ ಇಳಿದು ಸರಳನ್ನು ತುಕ್ಕು ಹಿಡಿಸುತ್ತದೆ. ತಾರಸಿಯ ಮೇಲಿಡುವ ಸಾವಿರ ಲೀಟರಿನ ನೀರಿನ ತೊಟ್ಟಿಯ ತೂಕವೂ ತುಂಬಿದಾಗ ಒಂದು ಟನ್ನಿಗೆ ಕಡಿಮೆಯಿಲ್ಲ. ಚೀಲ ಎಲ್ಲಿ ಒಟ್ಟುವುದು, ತೊಟ್ಟಿ ಎಲ್ಲಿ ಇಡುವುದು ಎಂಬುದನ್ನು ನಕ್ಷೆ ಮಾಡುವವರಿಗೆ ಮೊದಲೇ ಹೇಳಿದರೆ ಆ ಜಾಗಕ್ಕೆ ತಕ್ಕ ಬಲ ಕೊಡುತ್ತಾರೆ ಅಥವಾ ಚೀಲಗಳನ್ನು ನೆಲಮಟ್ಟದಲ್ಲಿಯೇ ಇಡುವ ಜಾಗ ಮಾಡುತ್ತಾರೆ.

ಕೆಲಸದ ಬಗೆಯೂ ಹೀಗೆಯೇ. ಅಡಿಕೆಯನ್ನು ಸ್ವತಃ ಸುಲಿದು ಬೇಯಿಸಿ ಒಣಗಿಸುವ ಮನೆಗೆ ಒಲೆಯ ಜಾಗ, ಒಣಗಿಸುವ ಕಣ ಅಥವಾ ತಾರಸಿ, ಅಲ್ಲಿಗೆ ಹೊತ್ತೊಯ್ಯಲು ಅಗಲವಾದ ಮೆಟ್ಟಿಲು, ಸುಲಿಯುವವರು ಕೂರಲು ನೆರಳು ಬೇಕು. ತೋಟವನ್ನು ಖೇಣಿಗೆ ಕೊಡುವವರಿಗೆ ಇವಾವುವೂ ಬೇಕಿಲ್ಲ. ಬೇಡದ ಕಣಕ್ಕೆ ಖರ್ಚು ಮಾಡುವುದೂ ತಪ್ಪು, ಬೇಕಾದ ಕಣವನ್ನು ಮರೆತು ಮನೆಯ ಹಜಾರದಲ್ಲಿ ಅಡಿಕೆ ಹರಡುವುದೂ ತಪ್ಪು. ಬೇಯಿಸುವ ಒಲೆಯ ಹೊಗೆ ಅಡಿಗೆಮನೆಗೆ ನುಗ್ಗದಂತೆ, ಕೊಯ್ಲಿನ ತಿಂಗಳುಗಳಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂಬುದನ್ನು ನೋಡಿ ಒಲೆಯ ಜಾಗವನ್ನು ಗೊತ್ತುಮಾಡಬೇಕು. ಶೌಚಾಲಯದ ಇಂಗುಗುಂಡಿಯು ಕುಡಿಯುವ ನೀರಿನ ಬಾವಿ ಅಥವಾ ಕೊಳವೆಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು. ಮನೆ ಎದ್ದ ಮೇಲೆ ಈ 60 ಅಡಿಯನ್ನು ಹುಡುಕಲು ಹೋದರೆ ಜಾಗವೇ ಉಳಿದಿರುವುದಿಲ್ಲ.

ಬಿಸಿಲಿನ ವಿಷಯದಲ್ಲಿಯೂ ಈ ಭಾಗಕ್ಕೆ ತನ್ನದೇ ಲೆಕ್ಕವಿದೆ. ಸಂತೇಬೆನ್ನೂರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲಿ ಹಾಗೂ ಆಗಸ್ಟ್ ಮಧ್ಯದಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನಡುವಿನ ತಿಂಗಳುಗಳಲ್ಲಿ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಆದ್ದರಿಂದ ಬೇಸಿಗೆಯಲ್ಲಿ ಹೆಚ್ಚು ಕಾಯುವುದು ಛಾವಣಿ, ಅನಂತರ ಮಧ್ಯಾಹ್ನದ ಬಿಸಿಲು ಬೀಳುವ ಪಡುವಣ ಗೋಡೆ. ಮಲಗುವ ಕೋಣೆಯನ್ನು ಪಡುವಣಕ್ಕೆ ಇಟ್ಟು, ಮೇಲೆ ಬರಿಯ ಕಾಂಕ್ರೀಟು ಹಾಕಿದರೆ ರಾತ್ರಿ ಹತ್ತಾದರೂ ಆ ಕೋಣೆ ಆರುವುದಿಲ್ಲ. ಉಗ್ರಾಣ, ಮೆಟ್ಟಿಲು, ಬಚ್ಚಲುಗಳನ್ನು ಪಡುವಣಕ್ಕೆ ಇಟ್ಟರೆ ಬೇರೇನೂ ಖರ್ಚಿಲ್ಲದೆ ಈ ತೊಂದರೆ ಕಡಿಮೆಯಾಗುತ್ತದೆ. ದಪ್ಪ ಮಣ್ಣಿನ ಹೊದಿಕೆಯ ಜಗಳೂರು ಕಡೆಯ ಮಾಳಿಗೆ ಮನೆಗಳು ಹಾಗೂ ನಡುವೆ ಅಂಗಳವಿದ್ದ ತೊಟ್ಟಿ ಮನೆಗಳು ತಂಪಾಗಿದ್ದುದು ಹಿರಿಯರು ಇದನ್ನೆಲ್ಲ ಅರಿತಿದ್ದರಿಂದಲೇ.

ಖರ್ಚು ಉಳಿಯುವುದೇ?

ತಜ್ಞರ ಶುಲ್ಕವು ಒಟ್ಟು ಖರ್ಚಿನ ಇಷ್ಟು ಭಾಗವೆಂದೋ, ಚದರಡಿಗೆ ಇಷ್ಟೆಂದೋ, ಒಟ್ಟಾಗಿ ಇಷ್ಟೆಂದೋ ಗೊತ್ತಾಗುತ್ತದೆ. ಲೆಕ್ಕಕ್ಕಾಗಿ 1,200 ಚದರಡಿಯ ಮನೆಗೆ ಚದರಡಿಗೆ 2,000 ರೂಪಾಯಿ ಹಿಡಿದರೆ ಒಟ್ಟು 24 ಲಕ್ಷವಾಗುತ್ತದೆ. ನೂರಕ್ಕೆ 3 ಶುಲ್ಕವಾದರೆ 72,000, ನೂರಕ್ಕೆ 5 ಆದರೆ 1,20,000 ರೂಪಾಯಿ. ಇದು ಸಣ್ಣ ಮೊತ್ತವಲ್ಲ.

ಈಗ ಇನ್ನೊಂದು ಬದಿಯನ್ನು ನೋಡಬೇಕು. ಕೋಣೆಗಳನ್ನು ಸಾಲಾಗಿ ಇಟ್ಟು ನಡುವೆ 4 ಅಡಿ ಅಗಲ, 24 ಅಡಿ ಉದ್ದದ ಓಣಿ ಬಿಟ್ಟಿದ್ದರೆ ಅದೇ 96 ಚದರಡಿ. ಅದೇ ದರದಲ್ಲಿ 1,92,000 ರೂಪಾಯಿ. ಓಣಿಗೆ ಅಡಿಗೆಮನೆಯಷ್ಟು ಖರ್ಚು ತಗಲುವುದಿಲ್ಲವೆಂದು ಅರ್ಧವನ್ನೇ ಹಿಡಿದರೂ 96,000. ಆ ಓಣಿಯನ್ನು ಹಜಾರದಲ್ಲಿಯೇ ಸೇರಿಸಿದ ನಕ್ಷೆಯು ಶುಲ್ಕದ ಬಹುಪಾಲನ್ನು ಅಲ್ಲಿಯೇ ಹಿಂತಿರುಗಿಸುತ್ತದೆ. ಆದರೆ ಎಲ್ಲ ನಕ್ಷೆಯೂ ಹಣ ಉಳಿಸುತ್ತದೆಯೆಂದು ತಿಳಿಯಬಾರದು. ಮುಂಭಾಗದ ಅಂದಕ್ಕಾಗಿ ಕಮಾನು, ಕಂಬ, ಮೂಲೆಮುರುಕುಗಳನ್ನು ಸೇರಿಸಿ ಖರ್ಚು ಹೆಚ್ಚಿಸುವ ನಕ್ಷೆಗಳೂ ಇವೆ. ಮನೆಯವರು ತಮ್ಮ ಹಣದ ಮಿತಿಯನ್ನು ಮೊದಲ ದಿನವೇ ನೇರವಾಗಿ ಹೇಳಿ, ಅದರೊಳಗೆ ವಿನ್ಯಾಸ ಮಾಡಲು ಒಪ್ಪುವವರನ್ನೇ ಆರಿಸಬೇಕು.

ಕಡಿಮೆ ಖರ್ಚಿನ ವಿಧಾನಗಳನ್ನು ಬಲ್ಲವರು ಸಿಕ್ಕಿದರೆ ಲಾಭ ಹೆಚ್ಚು. ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಕೇರಳದಲ್ಲಿ ಬಳಕೆಗೆ ತಂದ ಒಂದು ಕಟ್ಟಣೆಯಲ್ಲಿ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುತ್ತಾರೆ. ಇದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನಿಂದಾಗಿ ಗೋಡೆಯ ಕಾವೂ ತಗ್ಗುತ್ತದೆ. ಮೋಲ್ಡಿನ ಕೆಳಭಾಗದಲ್ಲಿ ಕಾಂಕ್ರೀಟಿನ ಬದಲು ಹಳೆಯ ಮಂಗಳೂರು ಹೆಂಚನ್ನು ಸೇರಿಸುವ ವಿಧಾನವೂ ಇದೆ. ಇಳಿಸಿದ ಮನೆಯ ಹೆಂಚು ಇದಕ್ಕೆ ಒದಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯನ್ನು ರೂಪಿಸಿತು. ಇದನ್ನು ಸುಡಬೇಕಿಲ್ಲ. ಇದಕ್ಕೆ ಮರಳು ಹೆಚ್ಚಿರುವ ಕೆಂಪು ಮಣ್ಣು ಹೊಂದುತ್ತದೆ, ಎರೆ ಮಣ್ಣು ಹೊಂದುವುದಿಲ್ಲ. ಆದರೆ ಈ ವಿಧಾನಗಳನ್ನು ಮೊದಲ ಬಾರಿಗೆ ಮಾಡುವ ಮೇಸ್ತ್ರಿಗೆ ಎದುರು ನಿಂತು ತೋರಿಸುವವರು ಬೇಕು. ಬರಿಯ ಚಿತ್ರ ನೋಡಿ ಮಾಡಹೊರಟರೆ ಉಳಿತಾಯವು ನಷ್ಟಕ್ಕೆ ತಿರುಗುತ್ತದೆ.

ಅಣ್ಣತಮ್ಮಂದಿರ ಮನೆ

ನಕ್ಷೆಯ ಅಗತ್ಯ ಹೆಚ್ಚಾಗಿ ಕಂಡುಬರುವುದು ಕೂಡುಕುಟುಂಬದ ಮನೆಯಲ್ಲಿ. ಇಬ್ಬರು ಅಣ್ಣತಮ್ಮಂದಿರು, ಮೊಣಕಾಲು ನೋವಿನ ತಾಯಿ, ಓದುವ ಮಕ್ಕಳು ಇರುವ ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂದು ಒಂದೇ ಒಲೆ. ಹದಿನೈದು ವರ್ಷದ ಮೇಲೆ ಎರಡಾಗಬಹುದು. ಆ ಮಾತನ್ನು ಮನೆ ಕಟ್ಟುವ ಶುಭಕಾಲದಲ್ಲಿ ಆಡಲು ಯಾರೂ ಇಷ್ಟಪಡುವುದಿಲ್ಲ. ಆಡದೆ ಕಟ್ಟಿದ ಮನೆಯಲ್ಲಿ ಮುಂದೆ ನಡುಗೋಡೆ ಏಳುತ್ತದೆ. ಒಬ್ಬರಿಗೆ ಗಾಳಿ, ಇನ್ನೊಬ್ಬರಿಗೆ ಬಚ್ಚಲು ಇಲ್ಲದಂತಾಗುತ್ತದೆ. ಪಾಲಿನ ಜಗಳಕ್ಕೆ ಗೋಡೆಯ ಜಗಳವೂ ಸೇರಿಕೊಳ್ಳುತ್ತದೆ.

ತಿಳಿದ ವಾಸ್ತುಶಿಲ್ಪಿಯು ಇದನ್ನು ಯಾರ ಮನಸ್ಸೂ ನೋಯದಂತೆ ನಕ್ಷೆಯಲ್ಲಿಯೇ ಅಡಗಿಸಬಲ್ಲನು. ಮೆಟ್ಟಿಲನ್ನು ಹೊರಗಿನಿಂದ ಕೊಟ್ಟರೆ ಮಹಡಿ ಪ್ರತ್ಯೇಕ ಮನೆಯಾಗಬಹುದು. ಕೆಳಗಿನ ಅಡಿಗೆಮನೆ ಮತ್ತು ಬಚ್ಚಲಿನ ನೇರ ಮೇಲೆ ಮಹಡಿಯ ಅಡಿಗೆಮನೆ ಹಾಗೂ ಬಚ್ಚಲಿಗೆ ಜಾಗ ಬಿಟ್ಟರೆ ಕೊಳವೆಗಳು ಒಂದೇ ದಾರಿಯಲ್ಲಿ ಇಳಿಯುತ್ತವೆ. ಮಹಡಿ ಹತ್ತು ವರ್ಷದ ಮೇಲೆ ಬರುವುದಾದರೂ ತಳಪಾಯ ಮತ್ತು ಕಂಬಗಳು ಇಂದೇ ಅದಕ್ಕೆ ತಕ್ಕಂತಿರಬೇಕು. ತಾಯಿಗೆ ನೆಲಮಟ್ಟದಲ್ಲಿ ಕೋಣೆ, ಕೋಣೆಗೆ ಹೊಂದಿ ಶೌಚಾಲಯ, ಬಾಗಿಲಿಗೆ ಮೆಟ್ಟಿಲಿನ ಜೊತೆಗೆ ಇಳಿಜಾರು ಕೊಡುವುದು ಕಟ್ಟುವಾಗ ಹೆಚ್ಚು ಖರ್ಚಿನದಲ್ಲ, ಆಮೇಲೆ ಒಡೆದು ಮಾಡಿಸುವುದು ಖರ್ಚಿನದು. ನಕ್ಷೆಯ ಮಾತುಕತೆಗೆ ಗಂಡಸರಷ್ಟೇ ಕೂರುವ ರೂಢಿಯನ್ನು ಬಿಡಬೇಕು. ದಿನದ ಹೆಚ್ಚು ಹೊತ್ತು ಮನೆಯಲ್ಲಿ ದುಡಿಯುವ ಹೆಂಗಸರು ನೀರು, ಸೌದೆ, ಒಗೆಯುವ ಕಲ್ಲು, ಕೊಟ್ಟಿಗೆಯ ದಾರಿಗಳ ಬಗ್ಗೆ ಹೇಳುವುದನ್ನು ಕೇಳಿ ಬರೆದುಕೊಳ್ಳದ ನಕ್ಷೆ ಪೂರ್ಣವಾಗಲಾರದು. ಆಯ ಮತ್ತು ದಿಕ್ಕುಗಳ ವಿಷಯದಲ್ಲಿ ಮನೆಯವರಿಗೆ ನಂಬಿಕೆಯಿದ್ದರೆ ಅದನ್ನೂ ಮೊದಲ ದಿನವೇ ಹೇಳಬೇಕು. ಪಾಯ ತೆಗೆದ ಮೇಲೆ ಬಾಗಿಲು ಸರಿಸುವುದರಿಂದ ಎಲ್ಲ ಲೆಕ್ಕವೂ ಕೆಡುತ್ತದೆ.

ಹೊಂಡದ ಸುತ್ತಮುತ್ತ ಕಟ್ಟುವವರು

ಸಂತೇಬೆನ್ನೂರಿನ ಪುಷ್ಕರಣಿಯನ್ನು 16ನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕನು ಕಟ್ಟಿಸಿದನು. ನೀರಿನ ನಡುವೆ ನಿಂತ ವಸಂತ ಮಂಟಪ ಇಂದಿಗೂ ಅಲುಗಿಲ್ಲ. ನೀರು ಎಷ್ಟು ಏರುತ್ತದೆ, ಭಾರ ಎಲ್ಲಿ ಇಳಿಯುತ್ತದೆ ಎಂಬುದನ್ನು ಕಲ್ಲು ಇಡುವ ಮೊದಲೇ ಯೋಚಿಸಿದ ಕೆಲಸವದು. ಹೊಂಡ ಮತ್ತು ಅದರ ಬದಿಯ ಮುಸಾಫಿರ್‌ಖಾನೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಣೆಯಲ್ಲಿವೆ. ಆದ್ದರಿಂದ ಅದರ ಸಮೀಪದ ನಿವೇಶನದವರಿಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ.

ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್ ವರೆಗೆ ನಿಷೇಧಿತ ವಲಯ. ಅಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಉಲ್ಲಂಘನೆಗೆ ಎರಡು ವರ್ಷದ ವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯ ವರೆಗೆ ದಂಡ ಅಥವಾ ಎರಡೂ ವಿಧಿಸಲು ಅವಕಾಶವಿದೆ. ಪಂಚಾಯಿತಿಯ ಪರವಾನಗಿ ಸಿಕ್ಕಿತೆಂದ ಮಾತ್ರಕ್ಕೆ ಈ ಅನುಮತಿ ಸಿಕ್ಕಂತಲ್ಲ. ಈ ವಲಯದಲ್ಲಿ ಅಳತೆಯ ನಕ್ಷೆ ಮತ್ತು ಎತ್ತರದ ವಿವರಗಳನ್ನು ಸರಿಯಾಗಿ ಒದಗಿಸಬೇಕಾಗುವುದರಿಂದ ವಾಸ್ತುಶಿಲ್ಪಿಯ ನೆರವು ಪಡೆಯುವುದೇ ಲೇಸು.

ಹೊಲದಲ್ಲಿ ಕಟ್ಟುವವರು ಬೇರೊಂದು ನಿಯಮವನ್ನು ತಿಳಿದಿರಬೇಕು. ಸಾಗುವಳಿ ಜಮೀನಿನಲ್ಲಿ ಬೇಸಾಯಕ್ಕೆ ಸಂಬಂಧಿಸಿದ ತೋಟದ ಮನೆ ಕಟ್ಟಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಂ ಅವಕಾಶ ಕೊಡುತ್ತದೆ. ಆದರೆ ಅದರ ವಿಸ್ತೀರ್ಣಕ್ಕೆ ಮಿತಿಯಿದೆ, ಬೇರೆ ಉಪಯೋಗಕ್ಕೆ ಭೂಪರಿವರ್ತನೆ ಆಗಬೇಕು. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಬೇಕು. ಸಾಲ ಬೇಕಾದವರು ಬ್ಯಾಂಕಿನವರನ್ನೂ ಮೊದಲೇ ಕಾಣುವುದು ಒಳ್ಳೆಯದು.

ಯಾರಿಗೆ ಬೇಕು, ಯಾರಿಗೆ ಬೇಡ?

ಕೆಂಪು ಮಣ್ಣು ಅಥವಾ ಗಟ್ಟಿ ಗರಸಿನ ನಿವೇಶನ, ಒಂದೇ ಅಂತಸ್ತು, ಎರಡು ಮೂರು ಸಣ್ಣ ಕೋಣೆ, ಅದೇ ಮಣ್ಣಿನಲ್ಲಿ ಅಂಥದೇ ಮನೆ ಕಟ್ಟಿ ಹೆಸರು ಪಡೆದ ಮೇಸ್ತ್ರಿ, ಇವಿಷ್ಟೂ ಇದ್ದಲ್ಲಿ ವಾಸ್ತುಶಿಲ್ಪಿಯ ಅಗತ್ಯವಿಲ್ಲ. ಆ ಹಣವನ್ನು ತಳಪಾಯಕ್ಕೂ ಒಳ್ಳೆಯ ಸರಳಿಗೂ ಹಾಕುವುದು ಮೇಲು. ಆದರೂ ಸುಣ್ಣದ ಪುಡಿಯಿಂದ ನೆಲದ ಮೇಲೆ ಮನೆಯನ್ನು ಪೂರ್ಣ ಅಳತೆಯಲ್ಲಿ ಬರೆದು, ಮಂಚ, ಒಲೆ, ಬಾಗಿಲುಗಳನ್ನು ಗುರುತಿಸಿ, ಮನೆಯವರೆಲ್ಲ ಅದರೊಳಗೆ ಓಡಾಡಿ ನೋಡಬೇಕು. ಕಾಗದದ ಮೇಲೆ ಕಾಣದ ತಪ್ಪು ಇದರಿಂದ ಕಾಣುತ್ತದೆ.

ಎರೆ ಭೂಮಿ, ಮಹಡಿ, ಕಂಬ ತೊಲೆಗಳ ಕಟ್ಟಣೆ, ಹಳೆಯ ಕೆರೆಯಂಗಳ ಅಥವಾ ತುಂಬಿದ ಹಳ್ಳದ ಜಾಗ, ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಇಂಜಿನಿಯರ್ ಬೇಕೇಬೇಕು. ಕೂಡುಕುಟುಂಬ, ಇಕ್ಕಟ್ಟಾದ ಅಥವಾ ಓರೆಯಾದ ನಿವೇಶನ, ಅಡಿಕೆ ಸಂಸ್ಕರಣೆ ಹಾಗೂ ವಾಸ ಎರಡೂ ಇರುವ ಮನೆ, ಹಳೆಯ ಮನೆಯ ಅರ್ಧ ಉಳಿಸಿ ಅರ್ಧ ಹೊಸದು ಮಾಡುವ ಯೋಚನೆ, ಸ್ಮಾರಕದ ವಲಯ, ಇಂಥಲ್ಲಿ ವಾಸ್ತುಶಿಲ್ಪಿಗೆ ಕೊಟ್ಟ ಹಣ ವ್ಯರ್ಥವಾಗಲಾರದು.

ಇದರಲ್ಲಿ ಪೂರ್ತಿ ಬೇಕು ಅಥವಾ ಪೂರ್ತಿ ಬೇಡ ಎಂಬ ಎರಡೇ ದಾರಿಗಳಿಲ್ಲ. ನಕ್ಷೆಯನ್ನು ಮಾತ್ರ ಮಾಡಿಸಿಕೊಂಡು ಮೇಸ್ತ್ರಿಯಿಂದ ಕಟ್ಟಿಸಬಹುದು. ತಳಪಾಯ ಮತ್ತು ಮೋಲ್ಡಿನ ವಿವರಗಳನ್ನು ಮಾತ್ರ ಇಂಜಿನಿಯರಿಂದ ಪಡೆಯಬಹುದು. ಐದು ದಿನಗಳಂದು ಬಂದು ನೋಡಬೇಕೆಂದು ಒಪ್ಪಂದ ಮಾಡಿಕೊಳ್ಳುವುದು ಹಳ್ಳಿಯ ಮಟ್ಟಿಗೆ ಅನುಕೂಲವಾದ ದಾರಿ: ನೆಲದ ಮೇಲೆ ಗುರುತು ಹಾಕುವ ದಿನ, ಪಾಯ ತುಂಬುವ ಮುನ್ನಾದಿನ, ಪ್ಲಿಂತ್ ಮಟ್ಟ ಮುಗಿದಾಗ, ಮೋಲ್ಡಿಗೆ ಸರಳು ಕಟ್ಟಿ ಮುಗಿದಾಗ, ಗಾರೆಗೆ ಮೊದಲು ಕೊಳವೆ ಮತ್ತು ತಂತಿ ಎಳೆದಾಗ. ಒಮ್ಮೆ ಮುಚ್ಚಿಹೋದರೆ ಮತ್ತೆ ನೋಡಲಾಗದ ಕೆಲಸಗಳು ಇವೇ. ಒಪ್ಪಂದವು ಬರಹದಲ್ಲಿರಬೇಕು. ಯಾವ ಯಾವ ನಕ್ಷೆ ಕೊಡುವರು, ಎಷ್ಟು ಸಲ ಬರುವರು, ಎಷ್ಟು ಸಲ ತಿದ್ದಿಕೊಡುವರು ಎಂಬುದನ್ನು ಬರೆಸಿ, ಶುಲ್ಕವನ್ನು ಕೆಲಸ ಮುಂದುವರಿದಂತೆ ಕಂತಿನಲ್ಲಿ ಕೊಡಬೇಕು. ವಾಸ್ತುಶಿಲ್ಪಿಯ ನೋಂದಣಿ ಸಂಖ್ಯೆಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ಅವರು ಐದು ವರ್ಷದ ಹಿಂದೆ ಮಾಡಿಕೊಟ್ಟ ಒಂದು ಮನೆಗೆ ಮಳೆಗಾಲದಲ್ಲಿ ಹೋಗಿ ನೋಡಬೇಕು. ಹೊಸ ಬಣ್ಣದ ಮನೆಯನ್ನು ನೋಡಿ ತೀರ್ಮಾನಿಸಬಾರದು.

ಯಾರನ್ನು ನೇಮಿಸಿದರೂ ಮನೆಯವರ ಕಣ್ಣು ತಪ್ಪಬಾರದ ಕೆಲಸಗಳು ಕೆಲವಿವೆ. ಮೋಲ್ಡಿಗೆ 1:1½:3ರ ಮಿಶ್ರಣವಾದರೆ 50 ಕಿಲೋ ಸಿಮೆಂಟಿಗೆ 30 ಲೀಟರಿಗಿಂತ ಹೆಚ್ಚು ನೀರು ಬೆರೆಸಬಾರದು. ಸುರಿಯಲು ಸುಲಭವಾಗಲೆಂದು ನೀರು ಹೆಚ್ಚಿಸಿದಷ್ಟೂ ಬಲ ಕುಗ್ಗುತ್ತದೆ. ಇಂದು ಹೆಚ್ಚಾಗಿ ಸಿಗುವ ಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ನೀರುಣಿಸಬೇಕು. ಎರಡು ಗೋಡೆಗಳ ನಡುವಿನ ಅಂತರ 4.5 ಮೀಟರ್ ವರೆಗಿನ ಮೋಲ್ಡಿನ ಊರುಗೋಲುಗಳನ್ನು 7 ದಿನಕ್ಕೆ ಮೊದಲು, ಅದಕ್ಕಿಂತ ಹೆಚ್ಚಾದರೆ 14 ದಿನಕ್ಕೆ ಮೊದಲು ತೆಗೆಯಬಾರದು. ಬೂದಿ ಬೆರೆತ ಸಿಮೆಂಟಾದರೆ ಇನ್ನೂ ಕೆಲವು ದಿನ ತಡೆಯುವುದು ಕ್ಷೇಮ. ಸೆಂಟ್ರಿಂಗ್ ಬಾಡಿಗೆ ಏರುತ್ತದೆಂಬ ಆತುರ ಇಲ್ಲಿ ಸಲ್ಲದು.

ಮನೆ ಕಟ್ಟುವ ಯೋಚನೆಯಿರುವವರು ಬರುವ ಮಳೆಗಾಲವನ್ನು ಸುಮ್ಮನೆ ಕಳೆಯಬಾರದು. ನಿವೇಶನದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆಯಿಂದ ಇರಚಲು ಹೊಡೆಯುತ್ತದೆ ಎಂಬುದನ್ನು ನೋಡಿ ಗುರುತಿಡಬೇಕು. ಬೇಸಿಗೆಯಲ್ಲಿ ಮೂರು ಗುಂಡಿ ತೋಡಿಸಿ ಅಳತೆ ಬರೆಯಬೇಕು. ಈ ಎರಡು ಟಿಪ್ಪಣಿಗಳನ್ನು ಕೈಯಲ್ಲಿ ಹಿಡಿದು ಹೋದ ರೈತನಿಗೆ ಮೇಸ್ತ್ರಿ ಸಾಕೋ, ಇಂಜಿನಿಯರ್ ಬೇಕೋ, ವಾಸ್ತುಶಿಲ್ಪಿ ಬೇಕೋ ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ತಜ್ಞರೂ ಅಂಥವನ ಮಾತಿಗೆ ಹೆಚ್ಚು ಗಮನ ಕೊಟ್ಟು ಕೆಲಸ ಮಾಡುತ್ತಾರೆ.